ಸುಷುಪ್ತಿಯೂ ಮನುಷ್ಯನ ಇರವೂ

ಬೃಹದಾರಣ್ಯಕೋಪನಿಷತ್ತಿನ ಎರಡನೆಯ ಅಧ್ಯಾಯದಲ್ಲಿ ಬಾಲಾಕಿಯೆಂಬ ವಿದ್ಯಾಗರ್ವಿತನಾದ ಬ್ರಾಹ್ಮಣನೊಬ್ಬನು ಕಾಶೀರಾಜನಾದ ಅಜಾತಶತ್ರುವಿನ ಬಳಿಗೆ ಹೋಗಿ, ತಾನು ಅವನಿಗೆ ಬ್ರಹ್ಮವನ್ನು ಬೋಧಿಸುವುದಾಗಿ ಹೇಳುತ್ತಾನೆ. ಆದಿತ್ಯನಲ್ಲಿರುವ ಪುರುಷ, ಚಂದ್ರನಲ್ಲಿರುವ ಪುರುಷ, ವಿದ್ಯುತ್ತಿನಲ್ಲಿ, ಆಕಾಶದಲ್ಲಿ, ವಾಯುವಿನಲ್ಲಿ, ಅಗ್ನಿಯಲ್ಲಿ, ಜಲದಲ್ಲಿ ಇರುವ ಪುರುಷ ಎಂದು ಅವನು ಒಂದೊಂದನ್ನೇ ಬ್ರಹ್ಮವೆಂದು ಹೇಳುತ್ತ ಹೋದಂತೆಲ್ಲ ಅರಸನು ಅವು ತನಗೆ ತಿಳಿದ ವಿಷಯಗಳೇ ಎಂದು ಬದಿಗಿರಿಸುತ್ತ ಬರುತ್ತಾನೆ. ಕಡೆಗೆ ಪಂಡಿತನ ಸರಕು ತೀರಿ ಅವನು ಮೌನ ತಾಳಿದಾಗ, ಅಜಾತಶತ್ರುವು ಅವನ ಕೈಹಿಡಿದು ಎಬ್ಬಿಸಿ, ಗಾಢವಾಗಿ ನಿದ್ರಿಸುತ್ತಿದ್ದ ಒಬ್ಬ ಮನುಷ್ಯನ ಬಳಿಗೆ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಹೆಸರುಗಳಿಂದ ಕರೆದರೂ ಆ ಮನುಷ್ಯನು ಏಳಲಿಲ್ಲ; ಕೈಯಿಂದ ಅಲುಗಿಸಿದಾಗ ಎದ್ದನು. ಆಗ ಅರಸನು ಕೇಳಿದ ಪ್ರಶ್ನೆ ಇಷ್ಟೆ: ಇವನು ಮಲಗಿದ್ದಾಗ ಇವನೊಳಗಿನ ತಿಳಿವುಳ್ಳ ಪುರುಷನು ಎಲ್ಲಿದ್ದನು, ಈಗ ಎಲ್ಲಿಂದ ಬಂದನು? ಬಾಲಾಕಿಗೆ ಉತ್ತರ ತೋಚಲಿಲ್ಲ.

ಮನುಷ್ಯನ ಇರವೆಂದರೇನು ಎಂಬ ಪ್ರಶ್ನೆಯನ್ನು ಇಷ್ಟು ಸರಳವಾಗಿ, ಎದುರಿಗೆ ಮಲಗಿರುವ ಒಬ್ಬ ಮನುಷ್ಯನನ್ನು ತೋರಿಸಿ ಕೇಳಿದ ಸಂದರ್ಭವು ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಅಪರೂಪವಾದುದು. ಪೂರ್ವ ಪಶ್ಚಿಮಗಳ ದರ್ಶನಗಳನ್ನು ಹೋಲಿಸುವವರು ಸಾಮಾನ್ಯವಾಗಿ ಪೂರ್ವವು ಅಂತರ್ಮುಖಿ, ಪಶ್ಚಿಮವು ಬಹಿರ್ಮುಖಿ ಎಂದೋ, ಅಲ್ಲಿ ತರ್ಕ, ಇಲ್ಲಿ ಅನುಭವ ಎಂದೋ ಎರಡು ಮಾತಿನಲ್ಲಿ ತೀರ್ಪು ಕೊಟ್ಟುಬಿಡುವ ರೂಢಿಯುಂಟು. ಈ ತೀರ್ಪು ನೈಯಾಯಿಕರ ತರ್ಕವನ್ನೂ ಕಾಣದು, ಸಂತ ಅಗಸ್ಟೀನನ ಅಂತರ್ಮುಖತೆಯನ್ನೂ ಕಾಣದು. ಅಂಥ ವಿಶಾಲವಾದ ಮಾತುಗಳನ್ನು ಬಿಟ್ಟು, ಕನಸಿಲ್ಲದ ನಿದ್ರೆಯಲ್ಲಿ ನಾವು ಇರುವೆವೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಎರಡು ಕಡೆಯವರನ್ನೂ ವಿಚಾರಿಸಿದರೆ, ಅವರ ನಡುವೆ ಇರುವ ನಿಜವಾದ ಸಾಮ್ಯವೂ ನಿಜವಾದ ಅಂತರವೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆಂದು ನನ್ನ ನಂಬಿಕೆ.

ಗ್ರೀಸಿನಲ್ಲಿ ಇರವಿನ ವಿಚಾರವು ನಿದ್ರಿಸುವವನಿಂದ ಆರಂಭವಾಗಲಿಲ್ಲ. ಇರುವುದು ಇದೆ, ಇಲ್ಲದುದು ಇಲ್ಲ, ಆದುದರಿಂದ ಉತ್ಪತ್ತಿ ನಾಶಗಳೆರಡೂ ಅಸಂಭವವೆಂದು ಪಾರ್ಮೆನಿಡೀಸನು ವಾದಿಸಿದನು. ಇರುವುದೆಂಬ ಮಾತಿಗೆ ಅನೇಕ ಅರ್ಥಗಳುಂಟೆಂದೂ, ಅವೆಲ್ಲಕ್ಕೂ ಆಧಾರವಾದುದು ದ್ರವ್ಯವೆಂದೂ ಅರಿಸ್ಟಾಟಲನು ನಿರ್ಣಯಿಸಿದನು. ಅರಿಸ್ಟಾಟಲನು ನಿದ್ರೆಯನ್ನು ಕುರಿತೂ ಒಂದು ಪುಟ್ಟ ಪ್ರಬಂಧವನ್ನು ಬರೆದಿರುವನಾದರೂ, ಅದು ಆಹಾರದಿಂದ ಏಳುವ ಉಷ್ಣಬಾಷ್ಪ, ಹೃದಯ, ಇಂದ್ರಿಯಗಳ ವಿಶ್ರಾಂತಿ ಇವುಗಳ ವಿಚಾರ. ಅದು ಪ್ರಾಣಿಶಾಸ್ತ್ರದ ಪಕ್ಕದಲ್ಲಿ ಕುಳಿತಿದೆಯೇ ಹೊರತು ಪರತತ್ತ್ವದ ವಿಚಾರದೊಳಗೆ ಬಂದಿಲ್ಲ.

ಯೂರೋಪಿನಲ್ಲಿ ನಿದ್ರೆಯು ತತ್ತ್ವಜ್ಞಾನದ ಮುಂಬಾಗಿಲಿಗೆ ಬಂದದ್ದು ಡೇಕಾರ್ಟನ ಕಾಲದಲ್ಲಿ, ಅದೂ ಒಂದು ಆಕ್ಷೇಪದ ರೂಪದಲ್ಲಿ. 1641ರಲ್ಲಿ ಪ್ರಕಟವಾದ ತನ್ನ ಚಿಂತನಗಳಲ್ಲಿ ಅವನು ಸಂದೇಹಿಸಬಹುದಾದ ಎಲ್ಲವನ್ನೂ ಸಂದೇಹಿಸಿ, ಸಂದೇಹಿಸುತ್ತಿರುವ ತಾನು ಇರುವೆನೆಂಬುದನ್ನು ಮಾತ್ರ ಸಂದೇಹಿಸಲಾರದೆ ನಿಂತನು. ಇದನ್ನು ಓದಿದ ನಮ್ಮವರಿಗೆ ಶಂಕರಾಚಾರ್ಯರ ನೆನಪಾಗುವುದು ಸಹಜ. ಆತ್ಮನನ್ನು ಅಲ್ಲಗಳೆಯುವವನೇ ಆತ್ಮನಾದಕಾರಣ ಆತ್ಮನ ನಿರಾಕರಣೆಯು ಸಾಧ್ಯವಿಲ್ಲವೆಂದು ಅವರು ಎಂಟು ಶತಮಾನಗಳಿಗೂ ಹಿಂದೆಯೇ ಸೂತ್ರಭಾಷ್ಯದಲ್ಲಿ ವಾದಿಸಿದ್ದರು. ಆದರೆ ಈ ಸಾಮ್ಯವು ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಡೇಕಾರ್ಟನ ನಿಶ್ಚಯವು ಆಲೋಚನೆಗೆ ಕಟ್ಟುಬಿದ್ದುದು: ನಾನು ಆಲೋಚಿಸುವಷ್ಟು ಹೊತ್ತೂ ನಾನಿರುವೆನು, ಆಲೋಚನೆಯು ಪೂರ್ತಿಯಾಗಿ ನಿಂತರೆ ನಾನೂ ಇಲ್ಲವಾಗಬಹುದೆಂದು ಅವನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಗಾಢನಿದ್ರೆಯಲ್ಲಿ? ಗ್ಯಾಸೆಂಡಿಯೆಂಬ ಅವನ ಸಮಕಾಲೀನನು ಈ ಪ್ರಶ್ನೆಯನ್ನೇ ಎತ್ತಿದನು. ಡೇಕಾರ್ಟನು ಹಿಂದೆಗೆಯಲಿಲ್ಲ, ಚೇತನವು ಸದಾ ಆಲೋಚಿಸುತ್ತಲೇ ಇರುತ್ತದೆ, ಗರ್ಭದಲ್ಲಿಯೂ ಸುಷುಪ್ತಿಯಲ್ಲಿಯೂ ಅದು ನಿಲ್ಲುವುದಿಲ್ಲ, ಆ ಆಲೋಚನೆಗಳ ಗುರುತು ಮಿದುಳಿನಲ್ಲಿ ಉಳಿಯದಿರುವುದರಿಂದ ನಮಗೆ ಅವುಗಳ ಸ್ಮರಣೆಯಿಲ್ಲ ಎಂದು ಉತ್ತರಕೊಟ್ಟನು.

ಈ ಉತ್ತರವನ್ನು ಸಹಿಸದಿದ್ದವನು ಜಾನ್ ಲಾಕ್. 1690ರ ಮುದ್ರೆಯನ್ನು ಹೊತ್ತು ಹೊರಬಂದ ತನ್ನ ಮಾನವಬುದ್ಧಿಯ ಪ್ರಬಂಧದ ಎರಡನೆಯ ಭಾಗದ ಮೊದಲಲ್ಲೇ ಅವನು ಈ ವಿಷಯವನ್ನು ಹಿಡಿದು, ದೇಹಕ್ಕೆ ಚಲನೆಯು ಹೇಗೋ ಹಾಗೆ ಆತ್ಮಕ್ಕೆ ಆಲೋಚನೆಯು ಒಂದು ವ್ಯಾಪಾರವೇ ಹೊರತು ಅದರ ಸ್ವರೂಪವಲ್ಲವೆಂದು ವಾದಿಸಿದನು. ಆಲೋಚಿಸಿಯೂ ತಾನು ಆಲೋಚಿಸಿದುದನ್ನು ಎಂದೂ ಅರಿಯದಿರುವ ಆತ್ಮವೊಂದನ್ನು ಕಲ್ಪಿಸಿಕೊಳ್ಳುವುದಾದರೆ, ನಿದ್ರಿಸುವ ಸಾಕ್ರಟೀಸನು ಬೇರೆ, ಎಚ್ಚತ್ತ ಸಾಕ್ರಟೀಸನು ಬೇರೆ ಎಂದು ಇಬ್ಬರು ವ್ಯಕ್ತಿಗಳನ್ನು ಒಪ್ಪಬೇಕಾಗುವುದಲ್ಲವೆ ಎಂಬುದು ಅವನ ತೀಕ್ಷ್ಣವಾದ ಪ್ರಶ್ನೆ. ಲಾಕನ ಮಾತಿಗೆ ಲೈಬ್ನಿಟ್ಸನು ಸಾಲುಸಾಲಾಗಿ ಉತ್ತರ ಬರೆದನು: ಅರಿವಿಗೆ ಬಾರದಷ್ಟು ಸೂಕ್ಷ್ಮವಾದ ಅಸಂಖ್ಯ ಸಂವೇದನೆಗಳು ನಿದ್ರೆಯಲ್ಲಿಯೂ ನಮ್ಮೊಳಗೆ ನಡೆಯುತ್ತಲೇ ಇರುತ್ತವೆ, ಒಂದೊಂದು ಅಲೆಯ ಶಬ್ದವು ಬೇರೆಬೇರೆಯಾಗಿ ಕೇಳಿಸದಿದ್ದರೂ ಸಮುದ್ರದ ಮೊರೆತವು ಅವುಗಳಿಂದಲೇ ಆದುದು. ಆದರೆ 1704ರಲ್ಲಿ ಲಾಕನು ತೀರಿಕೊಂಡನೆಂಬ ಕಾರಣದಿಂದ, ಉತ್ತರಿಸಲಾರದವನೊಡನೆ ವಾದಿಸುವುದು ತರವಲ್ಲವೆಂದು ಲೈಬ್ನಿಟ್ಸನು ಆ ಗ್ರಂಥವನ್ನು ಪ್ರಕಟಿಸದೆ ಇಟ್ಟುಕೊಂಡನು; ಅದು ಬೆಳಕು ಕಂಡದ್ದು 1765ರಲ್ಲಿ, ಅವನು ಸತ್ತು ಅರ್ಧಶತಮಾನ ಕಳೆಯುವ ಹೊತ್ತಿಗೆ.

ಈ ವಾದಮಾಲೆಯಲ್ಲಿ ಅತ್ಯಂತ ನಿರ್ಭಯವಾದ ಮಾತು ಡೇವಿಡ್ ಹ್ಯೂಮನದು. ನಾನು ಎಂಬುದನ್ನು ಒಳಗೆ ಹುಡುಕಿದಾಗ ಶೀತ, ಉಷ್ಣ, ಸುಖ, ದುಃಖ ಮೊದಲಾದ ಯಾವುದೋ ಒಂದು ಸಂವೇದನೆಯು ಸಿಕ್ಕುವುದೇ ಹೊರತು ಅವುಗಳಿಂದ ಬೇರೆಯಾದ ನಾನು ಸಿಕ್ಕುವುದಿಲ್ಲವೆಂದು 1739ರಲ್ಲಿ ಬರೆದ ಅವನು, ಗಾಢನಿದ್ರೆಯಲ್ಲಿ ಸಂವೇದನೆಗಳೆಲ್ಲ ಅಡಗಿರುವಷ್ಟು ಕಾಲ ನಾನು ಇಲ್ಲವೆಂದೇ ಹೇಳಬಹುದೆಂದೂ, ಮರಣವು ಅವುಗಳನ್ನು ಶಾಶ್ವತವಾಗಿ ಅಡಗಿಸಿದರೆ ನನ್ನ ಸಂಪೂರ್ಣ ಅಭಾವಕ್ಕೆ ಮತ್ತೇನೂ ಬೇಕಿಲ್ಲವೆಂದೂ ಮುಂದುವರಿಸಿದನು. ಬೌದ್ಧರ ಅನಾತ್ಮವಾದವನ್ನು ಬಲ್ಲವರಿಗೆ ಈ ಮಾತು ಪರಿಚಿತವೆನಿಸುತ್ತದೆ. ಆದರೆ ಬೌದ್ಧರು ನಿದ್ರೆಯ ಬಿರುಕನ್ನು ಹಾಗೆಯೇ ಬಿಡಲಿಲ್ಲ. ಥೇರವಾದದ ಅಭಿಧರ್ಮಕಾರರು ವ್ಯಕ್ತವಾದ ಚಿತ್ತಗಳಿಲ್ಲದ ವೇಳೆಯಲ್ಲಿ ಭವಾಂಗವೆಂಬ ಚಿತ್ತಪ್ರವಾಹವು ಒಳಗೆ ಹರಿಯುತ್ತಿರುವುದೆಂದರು. ಯೋಗಾಚಾರದ ಅಸಂಗ, ವಸುಬಂಧುಗಳು ಸಮಸ್ತ ಸಂಸ್ಕಾರಗಳ ಬೀಜಗಳನ್ನೂ ಧರಿಸಿರುವ ಆಲಯವಿಜ್ಞಾನವನ್ನು ಒಪ್ಪಿದರು. ಆತ್ಮನನ್ನು ನಿರಾಕರಿಸಿಯೂ ಪ್ರವಾಹವನ್ನು ಉಳಿಸಿಕೊಳ್ಳಬೇಕಾದದ್ದು ಅವರ ಕಷ್ಟ, ಏಕೆಂದರೆ ಕರ್ಮಫಲವು ಎಚ್ಚರದಿಂದ ಎಚ್ಚರಕ್ಕೆ, ಜನ್ಮದಿಂದ ಜನ್ಮಕ್ಕೆ ಸಾಗಬೇಕಷ್ಟೆ. ಹ್ಯೂಮನಿಗೆ ಆ ಭಾರವಿರಲಿಲ್ಲ. ಆದರೂ ತನ್ನ ವಿವರಣೆಯು ತನಗೇ ತೃಪ್ತಿಕರವಾಗಿಲ್ಲವೆಂದು ಮರುವರ್ಷ ಪ್ರಕಟಿಸಿದ ಅನುಬಂಧದಲ್ಲಿ ಅವನು ಪ್ರಾಮಾಣಿಕವಾಗಿ ಬರೆದುಕೊಂಡನು.

ಇಲ್ಲಿ ಇತಿಹಾಸದ ಒಂದು ಪ್ರಸಂಗವನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ಡೇಕಾರ್ಟನಿಗೆ ನಿದ್ರೆಯ ಪ್ರಶ್ನೆಯನ್ನು ಹಾಕಿದ ಗ್ಯಾಸೆಂಡಿಗೆ ಫ್ರಾನ್ಸ್ವಾ ಬರ್ನಿಯೇ ಎಂಬ ಶಿಷ್ಯನಿದ್ದನು. ಅವನು ವೈದ್ಯನಾಗಿ ಮೊಗಲರ ರಾಜ್ಯಕ್ಕೆ ಬಂದು, ದಾನಿಶ್‌ಮಂದ್ ಖಾನನೆಂಬ ವಿದ್ಯಾಪ್ರಿಯನಾದ ಅಮೀರನ ಆಶ್ರಯದಲ್ಲಿದ್ದು, ಗ್ಯಾಸೆಂಡಿ ಮತ್ತು ಡೇಕಾರ್ಟರ ತತ್ತ್ವಗಳನ್ನು ಆ ಅಮೀರನಿಗೋಸ್ಕರ ಪಾರಸಿಯಲ್ಲಿ ವಿವರಿಸಿದನು. ಅದೇ ಅಮೀರನ ಬಳಿ ಹಿಂದೆ ದಾರಾ ಶುಕೋಹನ ಸೇವೆಯಲ್ಲಿದ್ದ ಸಂಸ್ಕೃತ ಪಂಡಿತನೊಬ್ಬನಿದ್ದನು. ವರ್ಷಗಟ್ಟಲೆ ಅವನು ಬರ್ನಿಯೇಯ ಒಡನಾಡಿಯಾಗಿದ್ದನು. ದಾರಾ ಶುಕೋಹನಾದರೋ 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ಇಳಿಸಿದ ರಾಜಕುಮಾರ. ಆ ಪಾರಸಿಯ ಪಾಠವೇ ಆಂಕೆತೀಲ್ ದ್ಯುಪೆರೋನನಿಂದ ಲ್ಯಾಟಿನ್ನಿಗೆ ಬಂದು, 1801 ಮತ್ತು 1802ರಲ್ಲಿ ಮುದ್ರಣಗೊಂಡು, ಷೋಪೆನ್‌ಹೌವರನ ಕೈಸೇರಿ, ಅವನ ಬಾಳಿನ ಸಮಾಧಾನವೇ ಆಯಿತು. ದಿಲ್ಲಿಯ ಒಂದು ಮನೆಯೊಳಗೆ ಡೇಕಾರ್ಟನ ವಾದವೂ ಉಪನಿಷತ್ತನ್ನು ಬಲ್ಲ ಪಂಡಿತನೂ ಒಂದೇ ಸೂರಿನಡಿಯಲ್ಲಿದ್ದ ಆ ವರ್ಷಗಳನ್ನು ನಮ್ಮ ತತ್ತ್ವಶಾಸ್ತ್ರದ ಪಠ್ಯಗಳು ಹೆಚ್ಚಾಗಿ ಹೇಳುವುದಿಲ್ಲ.

ಇನ್ನು ನಮ್ಮಲ್ಲಿ ನಡೆದ ವಿಚಾರ. ಛಾಂದೋಗ್ಯದ ಎಂಟನೆಯ ಅಧ್ಯಾಯದ ಇಂದ್ರನ ಕಥೆಯು ಬಹುಮಂದಿಗೆ ಗೊತ್ತಿದ್ದರೂ ಅದರ ಮರ್ಮವಿರುವ ಸ್ಥಳವನ್ನು ಗಮನಿಸುವವರು ಕಡಮೆ. ದೇವತೆಗಳ ಕಡೆಯಿಂದ ಇಂದ್ರನೂ ಅಸುರರ ಕಡೆಯಿಂದ ವಿರೋಚನನೂ ಪ್ರಜಾಪತಿಯಲ್ಲಿ ಆತ್ಮವಿದ್ಯೆಯನ್ನು ಬೇಡಿ ಮೂವತ್ತೆರಡು ವರ್ಷ ಬ್ರಹ್ಮಚರ್ಯದಿಂದಿದ್ದರು. ನೀರಿನಲ್ಲಿ ಕಾಣುವ ಶರೀರವೇ ಆತ್ಮವೆಂದು ತಿಳಿದು ವಿರೋಚನನು ತೃಪ್ತನಾಗಿ ಹೊರಟುಹೋದನು. ಇಂದ್ರನು ಅರ್ಧ ದಾರಿಯಲ್ಲಿ ಸಂಶಯಗೊಂಡು ಹಿಂದಿರುಗಿದನು. ಮತ್ತೆ ಮೂವತ್ತೆರಡು ವರ್ಷ ಕಳೆದ ಮೇಲೆ ಕನಸಿನಲ್ಲಿ ಸಂಚರಿಸುವವನೇ ಆತ್ಮವೆಂಬ ಉಪದೇಶ, ಮತ್ತೆ ಮೂವತ್ತೆರಡರ ಬಳಿಕ ಕನಸೂ ಇಲ್ಲದೆ ಪ್ರಶಾಂತವಾಗಿ ನಿದ್ರಿಸುವವನೇ ಆತ್ಮವೆಂಬ ಉಪದೇಶ. ಈ ಮೂರನೆಯದನ್ನು ಕೇಳಿದ ಇಂದ್ರನು ಏನು ಮಾಡಿದನು? ಅದನ್ನೂ ಒಪ್ಪಲಿಲ್ಲ. ಆ ಸ್ಥಿತಿಯಲ್ಲಿ ತಾನು ಇಂಥವನೆಂಬ ಅರಿವೂ ಇಲ್ಲ, ಎದುರಿನ ಭೂತಗಳ ಅರಿವೂ ಇಲ್ಲ, ಅಲ್ಲಿ ಮನುಷ್ಯನು ನಾಶವನ್ನೇ ಹೊಂದಿದಂತಿರುತ್ತಾನೆ, ಇದರಲ್ಲಿ ತನಗೆ ಹಿತವೇನೂ ಕಾಣಿಸದೆಂದು ಗುರುವಿನ ಎದುರಿನಲ್ಲೇ ಹೇಳಿದನು. ಹ್ಯೂಮನ ಆಕ್ಷೇಪಕ್ಕೂ ಇಂದ್ರನ ಆಕ್ಷೇಪಕ್ಕೂ ಹುರುಳಿನಲ್ಲಿ ಭೇದವಿಲ್ಲ. ಅದನ್ನು ಶ್ರುತಿಯೇ ತನ್ನೊಳಗೆ ಇಟ್ಟುಕೊಂಡಿತೆಂಬುದೂ, ಪ್ರಜಾಪತಿಯು ಶಿಷ್ಯನನ್ನು ಗದರಿಸದೆ ನೀನು ಹೇಳುವುದು ನಿಜವೆಂದು ಒಪ್ಪಿ ಇನ್ನೂ ಐದು ವರ್ಷ ಇರಿಸಿಕೊಂಡನೆಂಬುದೂ ನನಗೆ ಪೂಜ್ಯವಾಗಿ ತೋರುತ್ತವೆ. ಒಟ್ಟು ನೂರೊಂದು ವರ್ಷ ಕಳೆದ ಮೇಲೆ ಬಂದ ಕಡೆಯ ಉಪದೇಶಕ್ಕಿಂತ ಈ ಮೂರನೆಯ ಸಂಶಯವೇ ಮುಂದಿನ ದರ್ಶನಕಾರರಿಗೆಲ್ಲ ಹೆಚ್ಚು ಕೆಲಸ ಕೊಟ್ಟಿತೆಂದರೆ ತಪ್ಪಾಗಲಾರದು.

ಏಕೆಂದರೆ ಮುಂದೆ ಪ್ರತಿಯೊಂದು ದರ್ಶನವೂ ಇದಕ್ಕೆ ಉತ್ತರ ಹೇಳಲೇಬೇಕಾಯಿತು. ಬೆಳಗ್ಗೆ ಎದ್ದವನು ಸುಖವಾಗಿ ನಿದ್ದೆ ಬಂತು, ಏನೂ ತಿಳಿಯಲಿಲ್ಲ ಎನ್ನುತ್ತಾನಲ್ಲವೆ? ಇದು ಸ್ಮರಣೆಯೆಂದೂ, ಅನುಭವಿಸದುದರ ಸ್ಮರಣೆಯು ಅಸಂಭವವಾದಕಾರಣ ಆ ಸುಖವನ್ನೂ ಆ ಅಜ್ಞಾನವನ್ನೂ ಬೆಳಗಿದ ಸಾಕ್ಷಿಚೈತನ್ಯವು ನಿದ್ರೆಯಲ್ಲಿ ಇದ್ದೇ ಇದ್ದಿತೆಂದೂ ಅದ್ವೈತಿಗಳ ವಾದ. ನೈಯಾಯಿಕರು ಇದನ್ನು ಒಪ್ಪರು. ಅವರಿಗೆ ಆತ್ಮನು ನಿತ್ಯನಾದರೂ ಜ್ಞಾನವು ಅವನಲ್ಲಿ ಬಂದುಹೋಗುವ ಗುಣ. ಸುಷುಪ್ತಿಯಲ್ಲಿ ಆತ್ಮನುಂಟು, ಅರಿವಿಲ್ಲ. ಎದ್ದವನ ಮಾತು ಸ್ಮರಣೆಯಲ್ಲ, ದೇಹದ ಲವಲವಿಕೆಯನ್ನು ಕಂಡು ಮಾಡಿದ ಅನುಮಾನ. ಲಾಕನು ಈ ನೈಯಾಯಿಕರ ಪಂಕ್ತಿಯಲ್ಲಿಯೂ, ಡೇಕಾರ್ಟನು ಅವರಿಗೆ ಎದುರಾದ ಪಂಕ್ತಿಯಲ್ಲಿಯೂ ಕುಳಿತುಕೊಳ್ಳಬಲ್ಲರು. ರಾಮಾನುಜರ ಮತದಲ್ಲಿ ನಿದ್ರೆಯಲ್ಲಿ ಉಳಿಯುವುದು ಬರಿಯ ಸಾಕ್ಷಿಯಲ್ಲ, ನಾನು ಎಂಬ ಆತ್ಮನೇ, ಅಸ್ಫುಟವಾಗಿ. ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಷ್ಟು ಹೊತ್ತು ಮಲಗಿದೆನೆಂಬ ಮಾತಿನಲ್ಲಿ ಕಾಲದ ಅನುಭವವೂ ಅಡಗಿರುವುದನ್ನು ಗುರುತಿಸಿತು. ಆ ಪರಂಪರೆಯಲ್ಲಿ ಸಾಕ್ಷಿಯೆಂದರೆ ಜೀವನ ಸ್ವರೂಪೇಂದ್ರಿಯ, ಅದು ಸುಖವನ್ನೂ ಕಾಲವನ್ನೂ ನೇರವಾಗಿಯೇ ಗ್ರಹಿಸುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸ್ಮರಣೆಯ ವಾದವು ನಮ್ಮ ಪ್ರವಚನಗಳಲ್ಲಿ ತೋರುವಷ್ಟು ನಿರ್ಣಾಯಕವಲ್ಲ. ನೈಯಾಯಿಕರ ಆಕ್ಷೇಪವು ಭಾರವಾದುದು. ಆದರೂ ಏನೂ ತಿಳಿಯಲಿಲ್ಲವೆಂಬ ನಿಶ್ಚಯವನ್ನು ಅನುಮಾನಕ್ಕೆ ಇಳಿಸುವುದರಲ್ಲಿ ಒಂದು ಕೃತಕತೆಯಿದೆ; ಅಷ್ಟು ಸಹಜವಾಗಿ, ಯಾವ ಹೇತುವನ್ನೂ ನೋಡದೆ, ಮಗುವೂ ಆ ಮಾತನ್ನು ಆಡುತ್ತದೆ.

ಹೊಣೆಯ ವಿಚಾರದಲ್ಲಿಯೂ ಪೂರ್ವವು ಉದಾಸೀನವಾಗಿತ್ತೆಂಬ ಮಾತುಂಟು. ಅದು ನಿಜವಲ್ಲವೆಂಬುದಕ್ಕೆ ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಅಧಿಕರಣವೇ ಸಾಕ್ಷಿ. ಸುಷುಪ್ತಿಯಲ್ಲಿ ಜೀವನು ಬ್ರಹ್ಮದಲ್ಲಿ ಒಂದಾಗುವುದಾದರೆ, ಬೆಳಗ್ಗೆ ಏಳುವವನು ರಾತ್ರಿ ಮಲಗಿದವನೇ ಎಂದು ಹೇಗೆ ಹೇಳುವುದು? ನೀರಿನ ರಾಶಿಗೆ ಹಾಕಿದ ಹನಿಯನ್ನೇ ಮರಳಿ ತೆಗೆಯಲಾದೀತೆ? ಪೂರ್ವಪಕ್ಷವು ಹೀಗೆ. ಶಂಕರರು ಸೂತ್ರವನ್ನನುಸರಿಸಿ ಕೊಡುವ ಉತ್ತರದಲ್ಲಿ ಮೊದಲನೆಯ ಕಾರಣವು ಕರ್ಮ: ನಿನ್ನೆ ಅರ್ಧ ಮಾಡಿದ ಕೆಲಸವನ್ನು ಇಂದು ಮುಗಿಸುವವನು ಅವನೇ. ಎರಡನೆಯದು ಸ್ಮೃತಿ: ನಿನ್ನೆ ಕಂಡುದನ್ನು ಇಂದು ನೆನೆಯುವವನು ಅವನೇ. ಬಳಿಕ ಶ್ರುತಿಯ ಮಾತು, ವಿಧಿಗಳ ಸಾರ್ಥಕ್ಯ: ಬೇರೊಬ್ಬನು ಏಳುವುದಾದರೆ ಮಾಡಿದವನಿಗೆ ಫಲವಿಲ್ಲ, ಮಾಡದವನಿಗೆ ಫಲ ಬರುತ್ತದೆ. ಸುಮಾರು ಒಂಬೈನೂರು ವರ್ಷಗಳ ಮೇಲೆ ಲಾಕನು ವ್ಯಕ್ತಿಯ ಏಕತೆಯನ್ನು ಸ್ಮೃತಿಯ ಮೇಲೆಯೇ ನಿಲ್ಲಿಸಿ, ವ್ಯಕ್ತಿಯೆಂಬುದು ಪುರಸ್ಕಾರ ಶಿಕ್ಷೆಗಳಿಗೆ ಸಂಬಂಧಿಸಿದ ನ್ಯಾಯವ್ಯವಹಾರದ ಭಾವನೆಯೆಂದು ಹೇಳಿ, ನಿದ್ರಿಸುವ ಸಾಕ್ರಟೀಸನು ಆಲೋಚಿಸಿದುದಕ್ಕೆ ಎಚ್ಚತ್ತ ಸಾಕ್ರಟೀಸನನ್ನು ದಂಡಿಸುವುದು ಅನ್ಯಾಯವೆಂದು ತೀರ್ಮಾನಿಸಿದನು.

ಹೀಗೆ ದಾರಿ ಬಹುದೂರ ಒಂದೇ ಆಗಿದ್ದು, ಅವರು ತಲುಪಲು ಬಯಸಿದ ಊರು ಮಾತ್ರ ಬೇರೆ. ಲಾಕನಿಗೆ ಬೇಕಾದದ್ದು ಎಚ್ಚರದ ಲೋಕದಲ್ಲಿ ಯಾರು ಯಾವುದಕ್ಕೆ ಹೊಣೆಯೆಂಬ ನಿಷ್ಕರ್ಷೆ. ಬೃಹದಾರಣ್ಯಕದ ಯಾಜ್ಞವಲ್ಕ್ಯನಿಗೆ ಬೇಕಾದದ್ದು ಆ ಲೋಕದ ಕಟ್ಟುಗಳಿಂದ ಬಿಡುಗಡೆ. ಆದುದರಿಂದಲೇ ಅವನು ಜನಕನಿಗೆ ಸುಷುಪ್ತಿಯನ್ನು ವರ್ಣಿಸುವಾಗ, ಅಲ್ಲಿ ತಂದೆಯು ತಂದೆಯಲ್ಲ, ತಾಯಿಯು ತಾಯಿಯಲ್ಲ, ಕಳ್ಳನು ಕಳ್ಳನಲ್ಲ, ಚಂಡಾಲನು ಚಂಡಾಲನಲ್ಲವೆಂದು ಹೇಳಿದನು. ಎಂಥ ಅದ್ಭುತವಾದ ಮಾತು! ಹುಟ್ಟಿನ ಭೇದಗಳೆಲ್ಲ ಪ್ರತಿ ರಾತ್ರಿಯೂ ಪ್ರತಿಯೊಬ್ಬನಲ್ಲಿಯೂ ತಾವಾಗಿ ಕಳಚಿ ಬೀಳುತ್ತವೆಂದು ಕಂಡುಕೊಂಡ ಪರಂಪರೆಯೇ ಬೆಳಗ್ಗೆ ಎದ್ದೊಡನೆ ಅವನ್ನು ಮತ್ತೆ ಹೆಗಲಿಗೇರಿಸಿಕೊಂಡು ನಡೆಯಿತೆಂಬುದು ದುಃಖದ ವಿಷಯ. ಎಚ್ಚರದ ಲೋಕವನ್ನು ತಿದ್ದುವ ಕೆಲಸಕ್ಕೆ ಲಾಕನ ನ್ಯಾಯಬುದ್ಧಿಯೂ ಬೇಕಾಗಿತ್ತು. ಯಾಜ್ಞವಲ್ಕ್ಯನ ದರ್ಶನವೊಂದೇ ನಮ್ಮಲ್ಲಿ ಅದನ್ನು ಮಾಡಲಿಲ್ಲ.

ಇಪ್ಪತ್ತನೆಯ ಶತಮಾನದ ಯೂರೋಪು ಇರವನ್ನು ಅಳೆಯಲು ಮರಣವನ್ನು ಆರಿಸಿಕೊಂಡಿತು. 1927ರಲ್ಲಿ ಹೊರಬಂದ ಇರವು ಮತ್ತು ಕಾಲವೆಂಬ ಗ್ರಂಥದಲ್ಲಿ ಮಾರ್ಟಿನ್ ಹೈಡೆಗ್ಗರನು, ಇರವಿನ ಪ್ರಶ್ನೆಯನ್ನೇ ಪಶ್ಚಿಮವು ಮರೆತಿದೆಯೆಂದು ಆಪಾದಿಸಿ, ತನ್ನ ಇರವೇ ತನಗೆ ಪ್ರಶ್ನೆಯಾಗುವ ಪ್ರಾಣಿಯಾದ ಮನುಷ್ಯನಿಂದ ವಿಚಾರವನ್ನು ತೊಡಗಿದನು. ಬಹುಪಾಲು ನಾವು ಎಲ್ಲರೂ ಬಾಳುವಂತೆ ಬಾಳುತ್ತ, ಎಲ್ಲರೂ ಆಡುವಂತೆ ಆಡುತ್ತ, ಯಾರೂ ಅಲ್ಲದವರಾಗಿ ಇರುತ್ತೇವೆ. ನನ್ನ ಬದಲು ಮತ್ತೊಬ್ಬನು ಸಾಯಲಾರನೆಂಬ ಅರಿವೇ ನನ್ನನ್ನು ನನಗೆ ಮರಳಿಸುತ್ತದೆ ಎಂಬುದು ಅವನ ಕಾಣ್ಕೆ. 1943ರಲ್ಲಿ ಸಾರ್ತ್ರನು ಅದಕ್ಕೆ ಸ್ವಾತಂತ್ರ್ಯದ ಮುಖವನ್ನು ಕೊಟ್ಟು, ಮನುಷ್ಯನಿಗೆ ಮೊದಲೇ ಗೊತ್ತಾದ ಸ್ವರೂಪವೇನೂ ಇಲ್ಲ, ತಾನು ಮಾಡುವುದರಿಂದ ತಾನಾಗುತ್ತಾನೆಂದನು. ಕಠೋಪನಿಷತ್ತಿನ ನಚಿಕೇತನೂ ಮೃತ್ಯುವಿನ ಮನೆಯಲ್ಲಿಯೇ ಪ್ರಶ್ನೆ ಕೇಳಿದವನು. ಅವನೂ ಧನ, ಪುತ್ರರು, ದೀರ್ಘಾಯುಸ್ಸು ಎಂಬ ಎಲ್ಲರೂ ಬಯಸುವ ವರಗಳನ್ನು ತಳ್ಳಿದವನು. ಆದರೆ ನಚಿಕೇತನು ಕೇಳಿದುದು ಸತ್ತ ಮೇಲೆ ಇರುವನೋ ಇಲ್ಲವೋ ಎಂಬುದನ್ನು. ಹೈಡೆಗ್ಗರನು ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಸಾಯುವವನಾಗಿ ಬಾಳುವುದು ಹೇಗೆಂದು ಕೇಳಿದನು. ಮರಣದ ವಿಚಾರವು ನನ್ನನ್ನು ಉಳಿದವರಿಂದ ಬೇರ್ಪಡಿಸಿ ಒಂಟಿಯಾಗಿ ನಿಲ್ಲಿಸುತ್ತದೆ. ಸುಷುಪ್ತಿಯ ವಿಚಾರವು ಉಳಿದವರಿಗೂ ನನಗೂ ನಡುವೆ ಇರುವ ಗೋಡೆಯನ್ನು ಕರಗಿಸುತ್ತದೆ. ಎರಡೂ ಮನುಷ್ಯನ ಸತ್ಯಗಳೇ.

ಈ ತುಲನೆಯಲ್ಲಿ ಕನ್ನಡನಾಡಿಗೂ ಒಂದು ಪಾಲುಂಟು. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ದರ್ಶನಗಳ ರೂಪರೇಖೆಯು ಇಂದಿಗೂ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಓದಲ್ಪಡುತ್ತಿದೆ. ನಿದ್ರೆಯ ಪ್ರಶ್ನೆಯನ್ನೇ ಮುಖ್ಯವಾಗಿಟ್ಟುಕೊಂಡು ಪಶ್ಚಿಮದೊಡನೆ ವಾದಕ್ಕಿಳಿದವರು ಕೆ. ಎ. ಕೃಷ್ಣಸ್ವಾಮಿ ಅಯ್ಯರ್. 1930ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ವೇದಾಂತಗ್ರಂಥವು, ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳಲ್ಲಿ ಎಚ್ಚರವೊಂದನ್ನೇ ಆಧರಿಸಿ ಕಟ್ಟಿದ ದರ್ಶನವು ಮೂರರಲ್ಲೊಂದು ಪಾಲಿನ ಸಾಕ್ಷ್ಯದಿಂದ ತೀರ್ಪು ಕೊಟ್ಟಂತೆ ಎಂಬ ಅಭಿಪ್ರಾಯವನ್ನು ಪಶ್ಚಿಮದ ದಾರ್ಶನಿಕರ ಮುಂದಿಟ್ಟಿತು. ಆ ವಿಚಾರಮಾರ್ಗವನ್ನು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಕನ್ನಡದಲ್ಲಿ ಅಸಾಧಾರಣವಾದ ಶ್ರದ್ಧೆಯಿಂದ ಬೆಳೆಸಿದರು. ಪಶ್ಚಿಮದವರು ನಿದ್ರೆಯನ್ನು ಪೂರ್ತಿಯಾಗಿ ಅಲಕ್ಷಿಸಿದರೆಂಬುದು, ಲಾಕ್ ಲೈಬ್ನಿಟ್ಸರನ್ನು ನೆನೆದರೆ, ಒಪ್ಪತಕ್ಕ ಮಾತಲ್ಲ. ಆದರೆ ಅವರು ಅದನ್ನು ತಮ್ಮ ಸಿದ್ಧಾಂತಕ್ಕೆ ಬಂದ ತೊಡಕೆಂದು ನೋಡಿದರೇ ಹೊರತು ಇರವನ್ನು ತಿಳಿಯುವ ಸಾಧನವೆಂದು ನೋಡಲಿಲ್ಲವೆಂಬುದು ನಿಜ. ಆ ಮನೋಭಾವವೂ ಈಗ ಬದಲಾಗುತ್ತಿದೆ: 2014ರಲ್ಲಿ ಕೆನಡಾದ ಇವಾನ್ ಥಾಂಪ್ಸನ್ ಎಂಬ ತತ್ತ್ವಜ್ಞನು ಅದ್ವೈತಿಗಳ ಮತ್ತು ನೈಯಾಯಿಕರ ಸುಷುಪ್ತಿವಾದವನ್ನು ಆಧುನಿಕ ಮಿದುಳುಶಾಸ್ತ್ರದ ಎದುರಿಗಿಟ್ಟು ಒಂದು ಗ್ರಂಥವನ್ನು ಬರೆದಿದ್ದಾನೆ.

ನಮ್ಮ ಕಾಲೇಜುಗಳಲ್ಲಿ ಭಾರತೀಯ ದರ್ಶನಕ್ಕೆ ಒಂದು ಪತ್ರಿಕೆ, ಪಾಶ್ಚಾತ್ಯ ದರ್ಶನಕ್ಕೆ ಇನ್ನೊಂದು ಪತ್ರಿಕೆ ಎಂದು ವಿಭಾಗಿಸಿ, ಒಂದರ ಪ್ರಶ್ನೆಯು ಇನ್ನೊಂದರ ಕಿವಿಗೆ ಬೀಳದಂತೆ ಕಲಿಸುವ ಪದ್ಧತಿಯನ್ನು ಅಧ್ಯಾಪಕರು ಕೈಬಿಡಬೇಕು. ಓದುಗರು ಅಷ್ಟು ಕಾಲ ಕಾಯಬೇಕಾಗಿಲ್ಲ. ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿ ಇಂದ್ರನು ಮೂರನೆಯ ಸಲ ಹಿಂದಿರುಗುವ ಭಾಗವನ್ನೂ, ಲಾಕನ ಪ್ರಬಂಧದ ಎರಡನೆಯ ಭಾಗದ ಮೊದಲನೆಯ ಅಧ್ಯಾಯವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟುಕೊಂಡು, ಯಾರ ವ್ಯಾಖ್ಯಾನವನ್ನೂ ನೋಡುವುದಕ್ಕೆ ಮೊದಲು, ತಾವೇ ಓದಿ ವಿಚಾರಿಸಬೇಕೆಂದು ಕೋರುತ್ತೇನೆ.